ಎರಡನೆಯ ಗೆರೆ

ವೈದ್ಯರು ಹಾಳೆಯ ಮೇಲೆ ಒಂದು ಚೌಕ, ಪಕ್ಕದಲ್ಲೊಂದು ವೃತ್ತ ಬರೆದು ಎರಡನ್ನೂ ಗೆರೆಯಿಂದ ಕೂಡಿಸಿದರು. "ಮದುವೆಗೆ ಮೊದಲೇ ನೀವು ಸಂಬಂಧಿಕರೇ?" ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಹೇಳಿದಳು: "ಹೌದು ಸಾಹೇಬರೇ, ನನ್ನ ಮಗಳನ್ನು ನನ್ನ ತಮ್ಮನಿಗೇ ಕೊಟ್ಟಿದ್ದೇನೆ." ದನಿಯಲ್ಲಿ ಹೆಮ್ಮೆಯಿತ್ತು. ವೈದ್ಯರು ಮಾತಾಡದೆ ಮೊದಲ ಗೆರೆಯ ಮಗ್ಗುಲಿಗೆ ಇನ್ನೊಂದು ಗೆರೆ ಎಳೆದರು. ರಕ್ತಸಂಬಂಧದ ಮದುವೆಗೆ ಅವರ ಲೆಕ್ಕದಲ್ಲಿ ಎರಡು ಗೆರೆ.

ಗದಗದಿಂದ ನಸುಕಿನ ರೈಲು ಹಿಡಿದು ಹುಬ್ಬಳ್ಳಿಗೆ ಬಂದಿದ್ದೆವು. ಅಣ್ಣಿಗೇರಿ ದಾಟುವವರೆಗೂ ಮಗ ಅಳುತ್ತಲೇ ಇದ್ದ. ಒಂದೂಕಾಲು ವರ್ಷದ ಕೂಸು. ಹುಟ್ಟಿದಾಗ ಎಡತೋಳಿಗೆ ಹಾಕಿದ, ಕ್ಷಯ ತಡೆಯುವ ಬಿಸಿಜಿ ಚುಚ್ಚುಮದ್ದಿನ ಗಾಯ ಮಾಯಲೇ ಇಲ್ಲ. ಕಂಕುಳಲ್ಲಿ ಅಡಿಕೆಯಷ್ಟಿದ್ದ ಗಂಟು ನಿಂಬೆಯಷ್ಟಾಗಿ ಒಡೆದು ಕೀವು ಸೋರಿತು. ಆಮೇಲೆ ಕುತ್ತಿಗೆಯಲ್ಲೂ ಗಂಟು, ಬಿಡದ ಜ್ವರ. ಅಂಗಿ ತೊಡಿಸುವಾಗ ಎಡಗೈಯನ್ನೇ ಮೊದಲು ತೂರಿಸುವುದನ್ನು ಮನೆಯವರೆಲ್ಲ ಕಲಿತಿದ್ದೆವು.

ಹಿಂದೆ ತೋರಿಸಿದ ಕಡೆ ಕ್ಷಯವೆಂದು ಮಾತ್ರೆ ಬರೆದಿದ್ದರು. ಕ್ಷಯವೆಂದ ಮೇಲೆ ಯಾರಿಂದಲೋ ಬಂದಿರಬೇಕಲ್ಲ? ಮನೆಮಂದಿಯ ಎದೆಯ ಎಕ್ಸ್‌ರೇಗಳಲ್ಲಿ ಏನೂ ಸಿಗಲಿಲ್ಲ. ಉಳಿದದ್ದು ಎದುರುಮನೆಯ ಅಜ್ಜನ ಕೆಮ್ಮು. ಎಂಟು ತಿಂಗಳು ಅವರ ಕಟ್ಟೆಯ ಕಡೆ ಮುಖ ಹಾಕಲಿಲ್ಲ. ಅವರ ಮನೆಯವರು ಹೊಲಿದು ಕಳಿಸಿದ ಕುಲಾವಿಯನ್ನೂ ಅಕ್ಕ ಹಿಂದಿರುಗಿಸಿದ್ದಳು.

"ಇದು ಯಾರಿಂದಲೂ ಅಂಟಿದ್ದಲ್ಲ" ಎಂದರು ವೈದ್ಯರು. ಕೀವಿನಲ್ಲಿ ಬೆಳೆದದ್ದು ಲಸಿಕೆಯದೇ ರೋಗಾಣು. ಬಿಸಿಜಿಯಲ್ಲಿರುವುದು ಬಲ ಕುಂದಿಸಿದ, ಆದರೆ ಜೀವವಿರುವ ರೋಗಾಣು. 1921ರಿಂದ ಕೋಟ್ಯಂತರ ಮಕ್ಕಳಿಗೆ ಹಾಕಿದ ಲಸಿಕೆ, ತೋಳಿನಲ್ಲೊಂದು ಕಲೆ ಬಿಟ್ಟು ಸುಮ್ಮನಾಗುವಂಥದ್ದು. ಇವನಲ್ಲಿ ಮಾತ್ರ ಏಕೆ ಹರಡಿತು? ವರದಿಯಲ್ಲಿ ಐಎಲ್12ಆರ್‌ಬಿ1 ಎಂಬ ಜೀನ್‌ನ ಹೆಸರಿತ್ತು. ರೋಗಾಣುವನ್ನು ನುಂಗಿದ ಬಿಳಿ ರಕ್ತಕಣ ಇಂಟರ್‌ಲ್ಯೂಕಿನ್ 12 ಎಂಬ ಕೂಗು ಹಾಕುತ್ತದೆ. ಕೇಳಿಸಿಕೊಂಡ ಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ಮರುಕೂಗು ಕಳಿಸಬೇಕು, ಆಗಲೇ ನುಂಗಿದ್ದನ್ನು ಕೊಲ್ಲುವ ಕಸುವು. ಆ ಜೀನ್ ಕೆಟ್ಟಿದ್ದರಿಂದ ನನ್ನ ಮಗನಲ್ಲಿ ಕೂಗು ಇದೆ, ಕಿವಿ ಇಲ್ಲ. ಹಳೆಯ ಮಾತ್ರೆಗಳಲ್ಲಿದ್ದ ಪೈರಜಿನಮೈಡ್ ಬಿಸಿಜಿ ರೋಗಾಣುವಿಗೆ ನಾಟುವುದೇ ಇಲ್ಲವಂತೆ. ಔಷಧಿ ಬದಲಿಸಿದರು, ಸಾಲದಿದ್ದರೆ ಇಂಟರ್‌ಫೆರಾನ್ ಗಾಮಾವನ್ನೇ ಸೂಜಿಯಲ್ಲಿ ಕೊಡುವುದೆಂದರು. ಈ ಜಾತಿಯ ದೋಷಗಳಲ್ಲಿ ಇದು ಚಿಕಿತ್ಸೆಗೆ ಬಗ್ಗುವಂಥದ್ದು ಎಂಬ ಮಾತನ್ನು ನಾನು ಎರಡು ಸಲ ಹೇಳಿಸಿಕೊಂಡೆ.

ಅಕ್ಕ ಹಾಳೆಯಿಂದ ಕಣ್ಣು ತೆಗೆದಿರಲಿಲ್ಲ. "ನಮ್ಮವ್ವನನ್ನೂ ಸೋದರಮಾವನಿಗೇ ಕೊಟ್ಟಿದ್ದರು. ನಮಗೇನಾಯಿತು?" ವೈದ್ಯರು ವಾದಿಸಲಿಲ್ಲ, ಮೇಲ್ಗಡೆ ಮತ್ತೆರಡು ಗೆರೆ ಎಳೆದರು. ಅಪ್ಪನಲ್ಲೋ ಅವ್ವನಲ್ಲೋ ಇದ್ದ ಆ ಜೀನಿನ ಒಂದು ಕೆಟ್ಟ ಪ್ರತಿ ಅಕ್ಕನಿಗೂ ನನಗೂ ಬಂದಿರಬೇಕು. ಒಂದೇ ಇದ್ದರೆ ಕಾಯಿಲೆಯಿಲ್ಲ. ಅಕ್ಕನದು ಮಗಳಿಗೆ ಹೋಗಿ, ಅವಳದೂ ನನ್ನದೂ ಈ ಕೂಸಿನಲ್ಲಿ ಕೂಡಿದವು. ಹೊಲ ಒಡೆಯಬಾರದೆಂದು ಮಾಡಿದ ಮದುವೆ ನಮ್ಮದು. ಹೊಲದ ಜೊತೆ ಇದೂ ಮನೆಯಲ್ಲೇ ಉಳಿದಿತ್ತು.

ಹೆಂಡತಿ ಐದು ತಿಂಗಳ ಬಸುರಿ. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ವೈದ್ಯರು ಅವಳ ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದರು: ರಕ್ತಪರೀಕ್ಷೆಯ ವರದಿ ಬರುವವರೆಗೆ ಮಗುವಿಗೆ ಬಿಸಿಜಿ ಹಾಕಬಾರದು. "ಇದನ್ನು ಕೇಳಿ ಓಣಿಯವರು ತಮ್ಮ ಮಕ್ಕಳಿಗೆ ಲಸಿಕೆ ಬಿಡಿಸಿಯಾರು, ಹಾಗಾಗಬಾರದು" ಎಂದೂ ಎಚ್ಚರಿಸಿದರು.

ಸಂಜೆಯ ರೈಲಿನಲ್ಲಿ ರೊಟ್ಟಿಯ ಬುತ್ತಿ ಬಿಚ್ಚಿದವರಿಲ್ಲ. ಹೆಂಡತಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಗದಗ ಸಮೀಪಿಸಿದಾಗ ಅಕ್ಕ ಕಿಟಕಿಯ ಕಡೆಗೇ ನೋಡುತ್ತ ಕೇಳಿದಳು:

"ತಮ್ಮಾ, ಆ ಕುಲಾವಿ ಈಗ ಕೇಳಿದರೆ ಕೊಟ್ಟಾರೇ?"