"ಮನೇಲಿ ಇನ್ಯಾರಿದಾರೆ?" ಅಂತ ಕೇಳದೇ ಹೋಗಿದ್ದಕ್ಕೆ

ಚಿಕ್ಕಬಳ್ಳಾಪುರದಲ್ಲಿ ನಾಯಿ ಬೆಕ್ಕಿನ ಕ್ಲಿನಿಕ್ ಇಟ್ಕೊಂಡು ಎಂಟು ವರ್ಷ ಆಯ್ತು. ಮಳೆ ಹಿಡೀತು ಅಂದ್ರೆ ದಿನಾ ನಾಲ್ಕೈದು ಕೇಸು ಇದೇ, ಕೆರ್ಕೊಂಡು ಕೆರ್ಕೊಂಡು ಬಾಲದ ಬುಡದಲ್ಲಿ ಕೂದಲೇ ಇರಲ್ಲ. ಬರೋರೆಲ್ಲ "ಚಿಕನ್ ಅಲರ್ಜಿ ಸಾರ್, ನಿಲ್ಸಿಬಿಟ್ವಿ" ಅಂತಾರೆ. ಊಟದ ಅಲರ್ಜಿ ಇಲ್ಲ ಅಂತಲ್ಲ, ಆದ್ರೆ ಅದು ಗೊತ್ತಾಗ್ಬೇಕಂದ್ರೆ ನಾಯಿ ಯಾವತ್ತೂ ತಿಂದಿರದ ಊಟಾನೇ ಕನಿಷ್ಠ 8 ವಾರ ಹಾಕಿ ನೋಡ್ಬೇಕು, ಮಧ್ಯೆ ಒಂದು ಬಿಸ್ಕತ್ತೂ ಕೊಡಂಗಿಲ್ಲ, ಅಜ್ಜಿ ಇರೋ ಮನೇಲಿ ಅದು ಆಗೋ ಮಾತಲ್ಲ ಬಿಡಿ. ಬಾಲದ ಬುಡ ಅಂದ್ರೆ ನನ್ನ ಮೊದಲ ಅನುಮಾನ ಚಿಗಟದ ಮೇಲೇ.

ಎರಡು ವರ್ಷದ ಹಿಂದೆ ಶಿಡ್ಲಘಟ್ಟ ಕಡೆಯಿಂದ ಒಬ್ರು ಅಕ್ಕ ನಾಟಿ ನಾಯಿ ಕರ್ಕೊಂಡು ಬಂದಿದ್ರು. ಒಂದು ಚಿಗಟಾನೂ ಕಾಣ್ತಿರ್ಲಿಲ್ಲ. ಬಾಚಣಿಗೇಲಿ ಬಾಚಿದ್ರೆ ಕರೀ ರವೆ ಥರ ಉದುರ್ತು, ಒದ್ದೆ ಹತ್ತಿ ಮೇಲೆ ಹಾಕ್ದೆ, ಸುತ್ತ ಕೆಂಪಗೆ ಹರಡ್ತು. "ಇದು ಚಿಗಟದ ಹೇಲು ಕಣಕ್ಕ, ಒಳಗಿರೋದು ನಿಮ್ಮ ನಾಯಿ ರಕ್ತಾನೇ" ಅಂದೆ. ಚಿಗಟದ ಅಲರ್ಜಿ ಇರೋ ನಾಯಿಗೆ ಒಂದೆರಡು ಕಡಿತ ಸಾಕು, ವಾರಗಟ್ಟಲೆ ನವೆ. ಬೆನ್ನಿಗೆ ಹಾಕೋ ಪರ್ಮೆಥ್ರಿನ್ ಡ್ರಾಪ್ಸ್ ಕೊಟ್ಟು, ಹೊರಗೆ ಕ್ಯೂ ಬೇರೆ ಇತ್ತಲ್ಲ, "ಮನೇಲಿರೋ ಎಲ್ಲಾ ಪ್ರಾಣಿಗೂ ಔಷಧಿ ಆಗ್ಬೇಕು" ಅಂತ ಒಂದು ಮಾತು ಎಸೆದು ಕಳಿಸ್ಬಿಟ್ಟೆ.

ಮಾತೇನೋ ಸರಿ. ಆದ್ರೆ ಎಲ್ಲಾದಕ್ಕೂ ಅದೇ ಔಷಧಿ ಅಲ್ಲ ಅಂತ ಹೇಳ್ಲಿಲ್ಲ. ಆ ಯಮ್ಮ ಟ್ಯೂಬಲ್ಲಿ ಮಿಕ್ಕಿದ್ದನ್ನ ಬೆಕ್ಕಿಗೆ ಹಾಕಿದಾರೆ.

ಮಾರನೇ ದಿನ ಬೆಳಿಗ್ಗೆ ಸೊಪ್ಪಿನ ಬುಟ್ಟೀಲಿ ಬೆಕ್ಕು ಬಂತು. ಕಿವಿ ಪಟಪಟ ಅದುರ್ತಾ ಇದೆ, ಮೈ ಚರ್ಮ ಎಲ್ಲ ಕುಣೀತಿದೆ, ಕಾಲು ನಿಲ್ತಿಲ್ಲ. ನಾಯಿ ಲಿವರು ಅರಗಿಸ್ಕೊಳ್ಳೋ ಪರ್ಮೆಥ್ರಿನ್ನನ್ನ ಬೆಕ್ಕಿನ ಲಿವರಿಗೆ ಅರಗಿಸೋಕೆ ಆಗಲ್ಲ, ನೇರ ನರಕ್ಕೇ ಹೊಡಿಯುತ್ತೆ. ನಡುಕ ಕಮ್ಮಿ ಆಗೋಕೆ ಇಂಜೆಕ್ಷನ್ ಕೊಟ್ಟು, ಪಾತ್ರೆ ತೊಳಿಯೋ ಸೋಪಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ತೊಳ್ದು, ಡ್ರಿಪ್ ಹಾಕಿ, ಬೆಚ್ಚಗೆ ಸುತ್ತಿ ಎರಡು ದಿನ ಇಟ್ಕೊಂಡಿದ್ದೆ. "ನೀವೇ ಹೇಳಿದ್ರಲ್ಲ ಸಾರ್" ಅಂದ್ರು ಆಯಮ್ಮ. ಬಯ್ಲಿಲ್ಲ. ನಾನು ಫೀಸು ತಗೊಳ್ಲಿಲ್ಲ.

ಬೆಕ್ಕು ಉಳೀತು. ಮೂರನೇ ದಿನ ಕಳಿಸೋವಾಗ ಚಿಗಟ ಸಾಯೋಕೆ ಮನೆಗೆ ಹೊಡಿಯೋ ಸ್ಪ್ರೇ ಬರೀತಿದ್ದೆ, ಯಾಕೋ ಪೆನ್ನು ನಿಲ್ಸಿ "ಮನೇಲಿ ಇನ್ನೇನಾದ್ರೂ ಸಾಕಿದೀರಾ?" ಅಂದೆ. "ಹುಳ ಇದೆ ಸಾರ್, ಮೂರನೇ ಜ್ವರಕ್ಕೆ ಕೂತಿದೆ." ನಾನು ಶಿವಮೊಗ್ಗ ಕಡೆಯವನು, ಜ್ವರಕ್ಕೆ ಏನು ಕೊಟ್ರಿ ಅಂತ ಕೇಳ್ಬಿಟ್ಟೆ! ರೇಷ್ಮೆ ಹುಳ ಪೊರೆ ಬಿಡೋದಕ್ಕೆ ಇಲ್ಲಿ ಜ್ವರ ಅಂತಾರೆ, ನಾಲ್ಕು ಸಲ ಬರುತ್ತೆ. ಹುಳ ತಿನ್ನೋಕೆ ಇಲಿ ಬರುತ್ತೆ ಅಂತಾನೇ ಅವರು ಬೆಕ್ಕು ಸಾಕಿರೋದು. ಆ ಸ್ಪ್ರೇ ಹೊಡೆದಿದ್ರೆ ಒಂದು ಬೆಳೆ ಹುಳ ಪೂರ್ತಿ ಸತ್ತಿರೋದು.

ಚೀಟಿ ಹರಿದು ಹಾಕಿ ನಾಯಿಗೆ ಬಾಯಿಗೆ ಹಾಕೋ ಮಾತ್ರೆ ಬರ್ದೆ, ಬೆಕ್ಕಿಗೆ ಸುಧಾರಿಸ್ಕೊಂಡ ಮೇಲೆ ಬೆಕ್ಕಿಂದೇ ಬೇರೆ ಔಷಧಿ. ಮನೆಗೆ ಬರೀ ಪೊರಕೆ, ಬಿಸಿಲು, ಬಿಸಿನೀರು. ಎಷ್ಟು ದಿನ ಸಾರ್ ಅಂದ್ರು. ಮೂರು ತಿಂಗಳು ಅಂದ್ರೆ ಯಾರೂ ಮಾಡಲ್ಲ, ಒಂದು ವಾರ ಗುಡಿಸಿ ಬಿಟ್ಬಿಡ್ತಾರೆ. ಇವರಿಗೆ ಮಾತ್ರ ಹಿಂಗಂದೆ: ಚಿಗಟಾನೂ ನಿಮ್ಮ ಹುಳದ ಥರ ಗೂಡು ಕಟ್ಟುತ್ತೆ ಅಕ್ಕ, ನಾಯಿ ಮಲಗೋ ಗೋಣಿಚೀಲದಲ್ಲಿ, ನೆಲದ ಬಿರುಕಲ್ಲಿ, ಗೂಡೊಳಗಿದ್ರೆ ಔಷಧಿ ತಾಕಲ್ಲ, ತಿಂಗಳುಗಟ್ಟಲೆ ಕಾಯುತ್ತೆ. "ಓ, ಚಿಟ್ಟೆ ಹೊರಗೆ ಬರೋ ತನಕ ಬಿಡಂಗಿಲ್ಲ ಅನ್ನಿ" ಅಂದ್ರು. ಅಷ್ಟು ಬೇಗ ಯಾರೂ ಅರ್ಥ ಮಾಡ್ಕೊಂಡಿಲ್ಲ.

ಆಮೇಲೆ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸ್ದೆ, "ಬೆಕ್ಕಿಗೆ ಹಾಕಬೇಡಿ" ಅಂತ. ನಾಯಿ ಡ್ರಾಪ್ಸ್ ಬರೆದ ಚೀಟಿ ಮೇಲೆಲ್ಲ ಒತ್ತಿ ಕೊಡ್ತೀನಿ. ಹೋದ ತಿಂಗಳು ಅದೇ ಅಕ್ಕ ಬಂದಿದ್ರು, ಟೇಬಲ್ ಮೇಲಿದ್ದ ಸ್ಟ್ಯಾಂಪು ತಿರುಗಿಸಿ ಓದಿ, "ಹುಳಕ್ಕೂ ಒಂದು ಮಾಡಿಸಿ ಸಾರ್" ಅಂದ್ರು. ಆರ್ಡರ್ ಕೊಟ್ಟಿದೀನಿ.