ಪೆನ್ನಿನ ಗೆರೆ ದಾಟಿದ ಕೆಂಪು

ಮಾರ್ಚ್ 14, 2023, ಮಂಗಳವಾರ

ನಿನ್ನೆ ರಾತ್ರಿ ಮಲಗುವ ಮುಂಚೆ ಬಲಗಡೆಯ ಹೊಲಿಗೆಯ ಸುತ್ತ ಬಾಲ್ ಪೆನ್ನಿನಿಂದ ಗೆರೆ ಎಳೆದುಕೊಂಡಿದ್ದೆ. ಕೆಂಪು ಎಲ್ಲಿಗೆ ನಿಂತಿದೆಯೋ ಅದರ ಅಂಚಿಗೆ ಸರಿಯಾಗಿ. ಬೆಳಿಗ್ಗೆ ಎದ್ದು ನೋಡಿದರೆ ಕೆಂಪು ಗೆರೆ ದಾಟಿತ್ತು. ತುಂಬಾ ಅಲ್ಲ, ಒಂದು ಬೆರಳಗಲ. ಕೈಯ ಹಿಂಬದಿ ಇಟ್ಟು ನೋಡಿದೆ, ಎಡಗಡೆಗಿಂತ ಬಿಸಿ. ಥರ್ಮಾಮೀಟರ್ 99.4 ತೋರಿಸಿತು. ಜ್ವರ ಅನ್ನುವ ಹಾಗಿಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ.

ಎರಡೂ ಸ್ತನಗಳ ಒಳಗೆ ಇಂಪ್ಲಾಂಟ್, ಅಂದರೆ ಸಿಲಿಕಾನ್ ಚೀಲ, ಹಾಕಿಸಿಕೊಂಡು ಮೂರು ವಾರ ಆಗುತ್ತಾ ಬಂತು. ಯಾಕೆ ಹಾಕಿಸಿಕೊಂಡೆ ಅನ್ನುವುದನ್ನು ಹಿಂದೊಮ್ಮೆ ಬರೆದಿದ್ದೇನೆ, ಮತ್ತೆ ಬೇಡ. ಎಡಗಡೆಯದು ಚೆನ್ನಾಗಿ ಮಾಯುತ್ತಿದೆ. ತೆಳ್ಳಗಿನ ಒಂದು ಗುಲಾಬಿ ಗೆರೆ, ಅಷ್ಟೇ. ಬಲಗಡೆಯದು ಮಾತ್ರ ಮೊದಲಿಂದಲೂ ತಕರಾರು. ಹೊಲಿಗೆ ಇರುವುದು ಸ್ತನದ ಕೆಳಗಿನ ಮಡಿಕೆಯಲ್ಲಿ. ಅದರ ಹೊರತುದಿಯಲ್ಲಿ, ಕಂಕುಳ ಕಡೆಗೆ, ಚರ್ಮ ಕೂಡಿಕೊಳ್ಳಲೇ ಇಲ್ಲ. ಮೊದಲು ಅಲ್ಲೊಂದು ಕಪ್ಪು ಹಕ್ಕಳೆ ಕಟ್ಟಿತ್ತು. ಡ್ರೆಸ್ಸಿಂಗ್ ಬದಲಾಯಿಸುವಾಗ ಅದೂ ಜೊತೆಗೇ ಕಿತ್ತು ಬಂತು. ಕೆಳಗೆ ನೋಡಿದರೆ ಕಿರುಬೆರಳಿನ ಉಗುರಿನಷ್ಟು ಬಾಯಿ ಬಿಟ್ಟ ಗಾಯ. ಒಳಗೆ ಹಳದಿ ಪೊರೆ. ಪೊರೆಯ ನಡುವೆ ದಾರದ ಗಟ್ಟಿ ತುದಿಯೊಂದು ಎದ್ದು ನಿಂತಿತ್ತು, ಗಾಜ್ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು.

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಒಂದು ಹಾಳೆ ಕೊಟ್ಟಿದ್ದರು. ‘ಕೆಂಪಾದರೆ, ಊದಿಕೊಂಡರೆ, ನೋವಿದ್ದರೆ ತಿಳಿಸಿ’ ಅಂತ ಅದರಲ್ಲಿದೆ. ಈ ಸಾಲು ಬರೆದವರು ಯಾವತ್ತೂ ಆಪರೇಷನ್ ಮಾಡಿಸಿಕೊಂಡಿರಲಿಕ್ಕಿಲ್ಲ. ಮೊದಲ ವಾರ ಎಲ್ಲವೂ ಕೆಂಪೇ, ಎಲ್ಲವೂ ಊತವೇ, ಕೆಮ್ಮಿದರೂ ನೋವೇ. ಹಾಳೆ ಪ್ರಕಾರ ನಡೆದರೆ ಗಂಟೆಗೊಂದು ಫೋನ್ ಮಾಡಬೇಕು. ಹಾಗಾಗಿ ಯಾರೂ ಮಾಡುವುದಿಲ್ಲ. ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ಬಾಗಿಲ ಹತ್ತಿರ ನಿಂತು ಹೇಳಿದ ಮಾತು. “ನಿನ್ನೆಗಿಂತ ಕಡಿಮೆನಾ ಜಾಸ್ತಿನಾ ಅಂತ ನೋಡಿ. ಎರಡೂ ಕಡೆ ಒಂದೇ ಥರನಾ ಅಂತ ನೋಡಿ. ಗೆರೆ ಹಾಕಿಕೊಳ್ಳಿ, ಫೋಟೊ ತೆಗೆದಿಟ್ಟುಕೊಳ್ಳಿ.” ಎಷ್ಟು ಸರಳ ಅಲ್ವಾ? ಹೋಲಿಸಿ ನೋಡಲು ನನಗೆ ಪಕ್ಕದಲ್ಲೇ ಇನ್ನೊಂದಿದೆ. ಮಂಡಿ ಆಪರೇಷನ್ ಒಂದೇ ಕಾಲಿಗೆ ಆದವರಿಗೂ ಈ ಅನುಕೂಲ ಇಲ್ಲ.

ಗಾಯಕ್ಕಿಂತ ಜಾಸ್ತಿ ನಾನು ನೋಡುವುದು ಬಿಚ್ಚಿದ ಗಾಜ್ ಬಟ್ಟೆಯನ್ನೇ. ಮೊದಮೊದಲು ತಿಳಿ ಕೆಂಪು ನೀರು. ಆಮೇಲೆ ಒಣಹುಲ್ಲಿನ ಬಣ್ಣದ ತೆಳು ರಸಿಗೆ, ಒಣಗಿದ ಮೇಲೆ ಅಂಚಿನಲ್ಲಿ ಗಟ್ಟಿ. ಭಾನುವಾರದಿಂದ ಅದು ಸ್ವಲ್ಪ ಮಂದವಾಗಿ, ಮಬ್ಬಾಗಿ ಬರುತ್ತಿದೆ. ಮೂಸಿಯೂ ನೋಡಿದೆ. ಹೇಳಲು ಮುಜುಗರ, ಆದರೆ ನೋಡಲೇಬೇಕು. ವಾಸನೆ ಇರಲಿಲ್ಲ.

ಬೆಳಿಗ್ಗೆ ಫೋನ್ ಎತ್ತಿಕೊಂಡವಳು ಮತ್ತೆ ಕೆಳಗಿಟ್ಟೆ. ಇದನ್ನು ಬರೆಯಲೇಬೇಕು. ಯಾಕೆಂದರೆ ಗಾಯದಷ್ಟೇ ಇದೂ ಕಾಡುತ್ತದೆ. ಅಪೆಂಡಿಕ್ಸ್ ತೆಗೆಸಿಕೊಂಡು ಗಾಯ ನಂಜಾಗಿದ್ದರೆ ಯೋಚನೆಯನ್ನೇ ಮಾಡುತ್ತಿರಲಿಲ್ಲ, ಆಗಲೇ ಫೋನ್ ಮಾಡುತ್ತಿದ್ದೆ. ಇದು ನಾನಾಗಿ ಬೇಕು ಅಂತ ಮಾಡಿಸಿಕೊಂಡದ್ದು. ಹಾಗಾಗಿ ನರಳುವ ಹಕ್ಕು ನನಗಿಲ್ಲ ಅನ್ನುವ ಹಾಗೆ ಜನ ನಡೆದುಕೊಳ್ಳುತ್ತಾರೆ. ಅತ್ತಿಗೆ ಮೊನ್ನೆ ಫೋನಿನಲ್ಲಿ, “ಚೆನ್ನಾಗೇ ಇದ್ದೆಯಲ್ಲ, ಇದೆಲ್ಲ ಬೇಕಿತ್ತಾ?” ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಗೊತ್ತು. ಆದರೆ ಆ ಒಂದು ಮಾತಿನ ಭಯಕ್ಕೇ ಎಷ್ಟೋ ಹೆಂಗಸರು ಗಾಯ ಮುಚ್ಚಿಟ್ಟುಕೊಂಡು ಕೂರುತ್ತಾರೆ. ನಂಜಿಗೆ ನಮ್ಮ ಕಾರಣ ಬೇಕಿಲ್ಲ. ಕ್ಯಾನ್ಸರ್ ಬಂದು ಸ್ತನ ತೆಗೆಸಿಕೊಂಡು ಇಂಪ್ಲಾಂಟ್ ಹಾಕಿಸಿಕೊಂಡವರಿಗೂ ಅದೇ ಬ್ಯಾಕ್ಟೀರಿಯಾ, ನನಗೂ ಅದೇ. ಅವರಿಗಂತೂ ರಿಸ್ಕ್ ಇನ್ನೂ ಜಾಸ್ತಿ, ರೇಡಿಯೇಷನ್ ಆಗಿದ್ದರೆ ಮತ್ತಷ್ಟು.

ಎಂಟೂವರೆಗೆ ಫೋನ್ ಮಾಡಿದೆ. ಹನ್ನೊಂದಕ್ಕೆ ಬರಲು ಹೇಳಿದರು. “ಮನೆಯಲ್ಲಿ ಹಳೇ ಆ್ಯಂಟಿಬಯೋಟಿಕ್ ಮಾತ್ರೆ ಇದ್ದರೆ ನುಂಗಬೇಡಿ, ಹಾಗೇ ಬನ್ನಿ” ಅಂದರು. ಯಾಕೆ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಮಾತ್ರೆ ನುಂಗಿ ಹೋದರೆ ಸ್ಯಾಂಪಲ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಆಗ ಯಾವುದು ಕಾಟ ಕೊಡುತ್ತಿದೆ ಅಂತಲೇ ತಿಳಿಯುವುದಿಲ್ಲ, ಮದ್ದು ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ಡಾಕ್ಟರ್ ಮೇಡಂ ಮೊದಲು ಪೆನ್ನಿನ ಗೆರೆ ನೋಡಿದರು. ಏನೂ ಹೇಳದೆ ತಮ್ಮ ಮಾರ್ಕರ್ ತೆಗೆದು ಹೊಸ ಅಂಚಿಗೆ ಇನ್ನೊಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಕು, ಗಂಟೆ ಬರೆದರು. ನನ್ನ ಮೈಮೇಲೆ ಈಗ ಫೈಲಿನಲ್ಲಿರುವ ಹಾಗೆ ನಮೂದುಗಳಿವೆ. ಆಮೇಲೆ ಗಾಯವನ್ನು ಸಲೈನ್‌ನಿಂದ ತೊಳೆದು, ಪೊರೆಯನ್ನು ಸ್ವಲ್ಪ ಸರಿಸಿ, ಒಳಗಿನಿಂದ ಸ್ವ್ಯಾಬ್ ತೆಗೆದರು. ಮೇಲೆ ಮೇಲೆ ಒರೆಸಿದರೆ ಚರ್ಮದ ಮೇಲೆ ಸದಾ ಇರುವ ಬ್ಯಾಕ್ಟೀರಿಯಾಗಳೇ ಸಿಗುತ್ತವಂತೆ. ದಾರದ ತುದಿಯನ್ನು ಇಕ್ಕಳದಿಂದ ಹಿಡಿದು ಎಳೆದು ಕತ್ತರಿಸಿದರು. ಚುರ್ ಅಂತು, ಅಷ್ಟೇ. ಕರಗುವ ದಾರವೇ ಅದು. ಆದರೆ ಕರಗುವ ಮೊದಲೇ ಕೆಲವೊಮ್ಮೆ ಮೈ ಅದನ್ನು ಮುಳ್ಳಿನಂತೆ ಹೊರಗೆ ತಳ್ಳುತ್ತದೆ, ಆ ಜಾಗದಲ್ಲಿ ಚರ್ಮ ಬಾಯಿ ಬಿಡುತ್ತದೆ.

“ಈ ಹಳದಿ ಕೀವಾ ಮೇಡಂ?”

“ಅಲ್ಲ. ಕೀವಾದರೆ ಒರೆಸಿದಾಗ ಬಂದುಬಿಡುತ್ತೆ. ಇದು ಅಂಟಿಕೊಂಡಿದೆ ನೋಡಿ, ಫೈಬ್ರಿನ್ ಅಂತ ರಕ್ತ ಹೆಪ್ಪುಗಟ್ಟುವಾಗ ಆಗೋ ನಾರು, ಮತ್ತು ಸತ್ತ ಜೀವಕೋಶ. ಗಾಯ ಮಾಯುವಾಗ ಬರುವಂಥದ್ದೇ. ಇದಕ್ಕೆ ಹೆದರಬೇಡಿ. ಆ ಕೆಂಪೇ ಯಾಕೋ ಸರಿ ಕಾಣ್ತಿಲ್ಲ.”

ಸ್ಕ್ಯಾನಿಂಗ್ ಮಾಡಿದರು. ಇಂಪ್ಲಾಂಟ್ ಸುತ್ತ ತೆಳ್ಳಗೆ ನೀರು ಕಂಡಿತು. ಆಪರೇಷನ್ ಆದ ಹೊಸತರಲ್ಲಿ ಸ್ವಲ್ಪ ನೀರು ಇರುವುದೇ. ಜಾಸ್ತಿ ಇದ್ದಿದ್ದರೆ ಸ್ಕ್ಯಾನ್ ನೋಡಿಕೊಂಡೇ ಸೂಜಿ ಹಾಕಿ ತೆಗೆದು ಟೆಸ್ಟಿಗೆ ಕಳಿಸುತ್ತಿದ್ದರಂತೆ. ನೋಡದೆ ಚುಚ್ಚಿದರೆ ಇಂಪ್ಲಾಂಟೇ ತೂತಾಗಬಹುದು. ಈಗ ಇರುವುದು ತೆಗೆಯುವಷ್ಟಿಲ್ಲ.

ಇಷ್ಟು ಸಣ್ಣ ಗಾಯಕ್ಕೆ ಇಷ್ಟೆಲ್ಲ ಯಾಕೆ ಅಂತ ಕೇಳಿಯೇಬಿಟ್ಟೆ. ಮೇಡಂ ಪೆನ್ನಿನಿಂದ ಹಾಳೆ ಮೇಲೆ ಚರ್ಮ, ಕೊಬ್ಬು, ಇಂಪ್ಲಾಂಟ್ ಅಂತ ಮೂರು ಗೆರೆ ಹಾಕಿ ತೋರಿಸಿದರು. ಮಡಿಕೆಯ ಹತ್ತಿರ ಗಾಯಕ್ಕೂ ಇಂಪ್ಲಾಂಟ್‌ಗೂ ನಡುವೆ ಜಾಸ್ತಿ ದಪ್ಪ ಇಲ್ಲ. ಮಾಮೂಲಿ ಗಾಯದಲ್ಲಿ ಬ್ಯಾಕ್ಟೀರಿಯಾ ಒಳಹೊಕ್ಕರೆ ರಕ್ತದಲ್ಲಿನ ಬಿಳಿ ಕಣಗಳು ಹೋಗಿ ಹೊಡೆದಾಡುತ್ತವೆ, ಮಾತ್ರೆಯೂ ರಕ್ತದ ಜೊತೆಗೇ ಹೋಗುತ್ತದೆ. ಸಿಲಿಕಾನ್‌ಗೆ ರಕ್ತ ಹರಿಯುವುದಿಲ್ಲ. ಅಲ್ಲಿ ಹೋಗಿ ಕೂತ ಬ್ಯಾಕ್ಟೀರಿಯಾ ತನ್ನ ಮೇಲೆ ತಾನೇ ಒಂದು ಲೋಳೆ ಪದರ ಹೊದ್ದುಕೊಳ್ಳುತ್ತದೆ. ಬಯೋಫಿಲ್ಮ್ ಅನ್ನುತ್ತಾರೆ. ಒಮ್ಮೆ ಅದು ಕಟ್ಟಿಕೊಂಡರೆ ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ. ಸಿಲಿಕಾನ್ ಇಂಪ್ಲಾಂಟನ್ನು ಮೊದಲು ಹಾಕಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಅಷ್ಟು ವರ್ಷಗಳಲ್ಲಿ ಜೆಲ್ ಬದಲಾಯಿತು, ಹೊರಗಿನ ಚೀಲ ಬದಲಾಯಿತು. ಆದರೆ ಒಳಗೆ ನಂಜು ಗಟ್ಟಿಯಾಗಿ ಕೂತರೆ ಇವತ್ತಿಗೂ ಹೆಚ್ಚಾಗಿ ಅದನ್ನು ತೆಗೆಯುವುದೇ ದಾರಿ. ಅದಕ್ಕೇ ಚರ್ಮದಲ್ಲಿ ಇರುವಾಗಲೇ ಹಿಡಿಯಬೇಕು ಅನ್ನುವ ಆತುರ.

ನನ್ನಂಥ ಆಪರೇಷನ್‌ಗಳಲ್ಲಿ ನಂಜಾಗುವುದು 100ರಲ್ಲಿ ಒಂದೆರಡು ಅಂದರು. ಆ ಲೆಕ್ಕ ಕೇಳಿ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಉಳಿದ 98 ಜನ ಆ ಮಂಚದ ಮೇಲೆ ಮಲಗಿರಲಿಲ್ಲವಲ್ಲ.

ಕಾರಣ ಏನು ಅಂತ ಒಂದಷ್ಟು ಪ್ರಶ್ನೆ ಕೇಳಿದರು. ಸಿಗರೇಟ್? ಇಲ್ಲ. ನಿಕೋಟಿನ್ ಪ್ಯಾಚ್, ವೇಪ್? ಅದೂ ಇಲ್ಲ. ನಿಕೋಟಿನ್ ಯಾವ ರೂಪದಲ್ಲಿ ಹೋದರೂ ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ, ಗಾಯದ ಅಂಚಿಗೆ ರಕ್ತ ಸಾಲುವುದಿಲ್ಲ. ಸ್ಟೀರಾಯ್ಡ್ ಮಾತ್ರೆ ತಗೋತಿದ್ದೀರಾ? ಇಲ್ಲ. ಶುಗರ್ ಆಪರೇಷನ್‌ಗೆ ಮುಂಚೆ ಸರಿಯಿತ್ತು, ಆದರೂ ಇನ್ನೊಮ್ಮೆ ಪರೀಕ್ಷೆಗೆ ರಕ್ತ ತಗೊಂಡರು. ಕೊನೆಗೆ ಉಳಿದದ್ದು ಆ ದಾರದ ತುದಿ, ಮತ್ತೆ ಎಳೆತ. ಇಂಪ್ಲಾಂಟಿನ ಭಾರವೆಲ್ಲ ಕೆಳಗಿನ ಮಡಿಕೆಯ ಮೇಲೇ ಬೀಳುತ್ತದೆ. ಹೊರಗಿನಿಂದ ಕೂಡಿಕೊಂಡ ಹಾಗೆ ಕಂಡರೂ ಮೂರನೇ ವಾರದ ಗಾಯಕ್ಕೆ ಮೊದಲಿನ ಚರ್ಮದ ಸುಮಾರು ಐದನೇ ಒಂದು ಭಾಗದ ಬಲವಷ್ಟೇ ಇರುತ್ತದಂತೆ. ಎಷ್ಟೇ ಕಾಲ ಕಳೆದರೂ ಶೇಕಡಾ 80ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇದು ಗೊತ್ತಿದ್ದರೆ ಎರಡನೇ ವಾರಕ್ಕೇ “ಈಗ ಆರಾಮಾ, ಎದ್ದು ಓಡಾಡ್ತಿದ್ದೀಯಾ” ಅಂತ ಯಾರೂ ಕೇಳುತ್ತಿರಲಿಲ್ಲ.

ಸದ್ಯಕ್ಕೆ ಮಾತ್ರೆ ಶುರು. ಎರಡು ದಿನದಲ್ಲಿ ಕೆಂಪು ಹಿಂದೆ ಸರಿದರೆ ಅದೇ ಮುಂದುವರಿಯುತ್ತದೆ. ಸರಿಯದಿದ್ದರೆ ಅಡ್ಮಿಟ್ ಆಗಿ ನರಕ್ಕೆ ಇಂಜೆಕ್ಷನ್. ಕೀವು ಬಂದರೆ ಅಥವಾ ಗಾಯದೊಳಗೆ ಇಂಪ್ಲಾಂಟ್ ಕಾಣಿಸಿದರೆ ಆಪರೇಷನ್ ಥಿಯೇಟರಿಗೆ. ಆಗ ಒಳಗೆಲ್ಲ ತೊಳೆದು ಹೊಸದನ್ನು ಹಾಕಿ ನೋಡುವುದೂ ಉಂಟು. ಹೆಚ್ಚಿನ ಸಲ ತೆಗೆದು, ಖಾಲಿ ಬಿಟ್ಟು, ಮೂರರಿಂದ ಆರು ತಿಂಗಳು ಮಾಯಲು ಬಿಡುತ್ತಾರೆ. ರಾತ್ರಿ ಯಾವಾಗಾದರೂ ಜ್ವರ 100.4 ದಾಟಿದರೆ, ಚಳಿ ನಡುಕ ಬಂದರೆ ಬೆಳಗಾಗುವವರೆಗೆ ಕಾಯುವ ಹಾಗಿಲ್ಲ. ತಲೆಸುತ್ತು, ವಾಂತಿ, ಭೇದಿ, ಮೈಯೆಲ್ಲ ಬಿಸಿಲಿಗೆ ಸುಟ್ಟ ಹಾಗೆ ಕೆಂಪಾಗುವುದು, ಇವು ಕಂಡರಂತೂ ನೇರ ಎಮರ್ಜೆನ್ಸಿಗೆ. ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರಿ ಆಗುವಂಥದ್ದು, ಟಾಕ್ಸಿಕ್ ಶಾಕ್ ಅಂತ ಅದರ ಹೆಸರು. ಅಪರೂಪ, ಆದರೆ ಗಂಟೆಗಳಲ್ಲಿ ಕೈಮೀರುತ್ತದೆ. ಆಗ ಗಾಯ ನೋಡಲು ಚೆನ್ನಾಗೇ ಇದ್ದರೂ ಇರಬಹುದು ಅನ್ನುವುದು ನನಗೆ ಹೊಸ ವಿಷಯ.

ಇಂಟರ್‌ನೆಟ್ ಓದಿ ಹೆದರಿದ್ದನ್ನೂ ಕೇಳಿದೆ: ಇಂಪ್ಲಾಂಟಿನ ಸುತ್ತ ನೀರು ತುಂಬುವುದು ಲಿಂಫೋಮಾ ಅನ್ನುವ ಕ್ಯಾನ್ಸರ್ ಇರಬಹುದಾ? ಅದು ಸಾಮಾನ್ಯವಾಗಿ ಎಷ್ಟೋ ವರ್ಷ ಕಳೆದ ಮೇಲೆ ಬರುವ ಊತ, ಅದೂ ಒರಟು ಮೇಲ್ಮೈಯ ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ. 2019ರಲ್ಲಿ ಅಂಥವು ಕೆಲವನ್ನು ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡರು. ನನ್ನದು ನುಣುಪಿನದು, ಮೂರು ವಾರದ್ದು. ಆ ಚಿಂತೆ ಇವತ್ತಿಗೆ ಸುಮ್ನೆ.

ಮನೆಗೆ ಬಂದು ಡ್ರೆಸ್ಸಿಂಗ್ ನಾನೇ ಬದಲಾಯಿಸಿದೆ. ಸೋಪಿನಿಂದ ಕೈ ತೊಳೆದು, ಸಲೈನ್ ಹಾಕಿ, ಒತ್ತಿ ಒತ್ತಿ ನೀರು ಹೀರಿಸಿ, ಅಂಟದ ಪಟ್ಟಿ ಇಟ್ಟು, ಮೇಲೆ ಗಾಜ್. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಹಾಕಲೇಬೇಡಿ ಅಂದಿದ್ದಾರೆ. ನೊರೆ ಬಂದರೆ, ಉರಿದರೆ ಕ್ಲೀನ್ ಆಯಿತು ಅಂತ ನಮಗೆಲ್ಲ ಒಂದು ನಂಬಿಕೆ. ಅದು ಹೊಸದಾಗಿ ಬೆಳೆಯುತ್ತಿರುವ ಕೋಶಗಳನ್ನೂ ಸುಡುತ್ತದೆ. ಟಬ್, ಈಜು ಸದ್ಯಕ್ಕಿಲ್ಲ, ಶವರ್ ಕೆಳಗೆ ಎರಡು ನಿಮಿಷ ಸರಿ. ತಂತಿ ಇರುವ ಬ್ರಾ ಬೇಡ, ತಂತಿ ಒತ್ತುವುದು ಸರಿಯಾಗಿ ಗಾಯದ ಮೇಲೇ. ಬಲಗೈ ಭುಜಕ್ಕಿಂತ ಮೇಲೆ ಎತ್ತುವ ಹಾಗಿಲ್ಲ. ತಲೆ ಬಾಚುವುದನ್ನು ಎಡಗೈಗೆ ಒಪ್ಪಿಸಿದ್ದೇನೆ. ಫಲಿತಾಂಶ ನೋಡುವ ಹಾಗಿಲ್ಲ.

ರಾತ್ರಿ ಒಂಬತ್ತು. ಜ್ವರ 99. ಕೆಂಪು ಮೇಡಂ ಎಳೆದ ಗೆರೆಯ ಒಳಗೇ ಇದೆ. ಇದಕ್ಕೆ ಖುಷಿಪಡುವುದೋ ಬೇಡವೋ ಗೊತ್ತಾಗುತ್ತಿಲ್ಲ, ಎರಡೇ ಮಾತ್ರೆ ಹೋಗಿದೆ.

ಸ್ವ್ಯಾಬ್‌ನಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯಿತು ಅಂತ ಹೇಳುವ ಕಲ್ಚರ್ ರಿಪೋರ್ಟ್ ಗುರುವಾರ ಬರಬಹುದು, ಅವತ್ತೇ ಮತ್ತೆ ತೋರಿಸಬೇಕು. ಕೇಳಬೇಕಾದದ್ದನ್ನು ಈಗಲೇ ಬರೆದಿಟ್ಟುಕೊಳ್ಳುತ್ತೇನೆ, ಆ ಮಂಚದ ಮೇಲೆ ಮಲಗಿದರೆ ಎಲ್ಲ ಮರೆತುಹೋಗುತ್ತದೆ. ಚರ್ಮದ ಮೇಲೆ ಸಾಮಾನ್ಯವಾಗಿ ಇರುವ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾ ಬಂದಿದ್ದರೆ ಈಗಿನ ಮಾತ್ರೆಗೆ ಬಗ್ಗುವ ಜಾತಿಯದೇ? ಏನೂ ಬೆಳೆಯದೆ ಗಾಯ ಹೀಗೇ ಒಸರುತ್ತಿದ್ದರೆ, ಮಾಮೂಲಿ ಕಲ್ಚರ್‌ನಲ್ಲಿ ಸಿಗದ, ನಿಧಾನವಾಗಿ ಬೆಳೆಯುವ, ಕ್ಷಯದ ಬ್ಯಾಕ್ಟೀರಿಯಾದ ಕುಲದ ಮೈಕೋಬ್ಯಾಕ್ಟೀರಿಯಾಗೆ ಬೇರೆ ಪರೀಕ್ಷೆ ಮಾಡಿಸುತ್ತೀರಾ? ಬಲಗಡೆಯದನ್ನು ತೆಗೆಯಬೇಕಾಗಿ ಬಂದರೆ ಎಡಗಡೆಯದನ್ನು ಹಾಗೇ ಬಿಡುತ್ತೀರಾ? ಈಗ ಮಾಯಿತು ಅಂತಲೇ ಇಟ್ಟುಕೊಳ್ಳೋಣ, ಮುಂದೆ ಇಂಪ್ಲಾಂಟಿನ ಸುತ್ತ ಮೈ ಕಟ್ಟಿಕೊಳ್ಳುವ ಪೊರೆ ಗಟ್ಟಿಯಾಗಿ ಬಿಗಿಯುವ ಸಾಧ್ಯತೆ ಇದರಿಂದ ಎಷ್ಟು ಹೆಚ್ಚುತ್ತದೆ? ಜೊತೆಗೆ ಆಫೀಸಿಗೆ ರಜೆ ಮುಂದುವರಿಸಲು ಒಂದು ಚೀಟಿ ಬರೆಸಿಕೊಳ್ಳಬೇಕು. ಅದರಲ್ಲಿ ‘ಆಪರೇಷನ್ ನಂತರದ ಗಾಯದ ಸೋಂಕು’ ಅಂತಷ್ಟೇ ಇದ್ದರೆ ಸಾಕು, ಎಲ್ಲಿಯ ಗಾಯ ಅಂತ ಬೇಡ.