ಕ್ರಿಸ್ಟಲ್ ರೇಡಿಯೋದಲ್ಲಿ ಮೋರ್ಸ್: ಮೂರನೇ ವಾರ

ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ ಎರಡು ಅಡಿಕೆ ಮರಗಳ ನಡುವೆ 20 ಮೀಟರ್ ತಾಮ್ರದ ತಂತಿ ಎಳೆದಿದ್ದೇನೆ. ಅರ್ಥ್ ಬಾವಿಕಟ್ಟೆ ಪಕ್ಕದ ಕಬ್ಬಿಣದ ಪೈಪಿಗೆ. ಕಾಯಿಲ್, ಗ್ಯಾಂಗ್ (ಸ್ಟೇಷನ್ ಹಿಡಿಯಲು ತಿರುಗಿಸುವ ಕೆಪಾಸಿಟರ್), ಒಂದು ಜರ್ಮೇನಿಯಂ ಡಯೋಡ್, 2000 ಓಮ್‌ನ ಹಳೇ ಹೆಡ್‌ಫೋನ್. ಬ್ಯಾಟರಿ ಬೇಡದ ಸೆಟ್ ಇಷ್ಟೇ. ಮೊದಲ ವಾರ ಮೀಡಿಯಂ ವೇವ್ ಕಾಯಿಲ್ ಹಾಕಿ ಭದ್ರಾವತಿ ಆಕಾಶವಾಣಿ ಕೇಳಿದ್ದೆ.

ಆಮೇಲೆ ಕಾಯಿಲ್ ಬದಲಿಸಿ ಹ್ಯಾಮ್‌ಗಳ (ಹವ್ಯಾಸಿ ರೇಡಿಯೋದವರ) 40 ಮೀಟರ್ ಬ್ಯಾಂಡಿಗೆ, ಅಂದರೆ 7 ಮೆಗಾಹರ್ಟ್ಸ್‌ಗೆ ಹೋದೆ. ಗೆಳೆಯನ ರಿಸೀವರ್‌ನಲ್ಲಿ ಮೋರ್ಸ್ (ಚುಕ್ಕೆ-ಗೀಟಿನ ಸಂಕೇತ) ಜೋರಾಗಿ ಬರ್ತಿದೆ, ನನ್ನದರಲ್ಲಿ ಸದ್ದೇ ಇಲ್ಲ! ಮೋರ್ಸ್ ಅಂದರೆ ಬರೀ ಕ್ಯಾರಿಯರ್, ಅಂದರೆ ದನಿ ಹೊರುವ ರೇಡಿಯೋ ಅಲೆ, ಹತ್ತಿ ಆರುವುದು ಅಲ್ವಾ, ಅದರ ಮೇಲೆ ದನಿ ಕೂತಿರುವುದಿಲ್ಲ. ಡಯೋಡ್ ಅದನ್ನು ಏರಿಳಿತವಿಲ್ಲದ ಡಿಸಿ ಕರೆಂಟ್ ಮಾಡುತ್ತದೆ, ಕಿವಿಗೆ ಹೆಚ್ಚೆಂದರೆ ಒಂದು ಟಿಕ್.

ಭಾನುವಾರ ಬಿಸ್ಕೆಟ್ ಡಬ್ಬಿಯ ಮುಚ್ಚಳದ ಮೇಲೆ ಪುಟ್ಟ ಆಸಿಲೇಟರ್ ಕಟ್ಟಿದೆ, ತಾನೇ ಸಣ್ಣ ರೇಡಿಯೋ ಅಲೆ ಹುಟ್ಟಿಸುವ ಸರ್ಕ್ಯೂಟ್. ಒಂದು ಬಿಸಿ547 ಟ್ರಾನ್ಸಿಸ್ಟರ್, ಅಲೆಯನ್ನು 7.030 ಮೆಗಾಹರ್ಟ್ಸ್‌ಗೆ ಕಟ್ಟಿಹಾಕುವ ಕ್ವಾರ್ಟ್ಜ್ ಕ್ರಿಸ್ಟಲ್, 9 ವೋಲ್ಟ್ ಬ್ಯಾಟರಿ. (ಬ್ಯಾಟರಿ ಇಲ್ಲದ ರೇಡಿಯೋ ಅಂತ ಇನ್ನು ಜಂಬ ಕೊಚ್ಚುವ ಹಾಗಿಲ್ಲ.) ಸೆಟ್ಟಿಗೆ ತಂತಿ ಜೋಡಿಸಬೇಕಿಲ್ಲ, ಸುಮ್ನೆ ಪಕ್ಕದಲ್ಲಿಟ್ಟರೆ ಸಾಕು. ಎರಡು ಅಲೆಗಳೂ ಡಯೋಡಿನಲ್ಲಿ ಬೆರೆತು, ಅವುಗಳ ವ್ಯತ್ಯಾಸವೇ ಶಿಳ್ಳೆಯಾಗುತ್ತದೆ. ರೇಡಿಯೋ ಸಂಶೋಧಕ ಫೆಸೆಂಡೆನ್ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಸಣ್ಣ ಸಿಗ್ನಲ್‌ಗೆ ಮಿಸುಕದ ಡಯೋಡನ್ನು ಎಬ್ಬಿಸುವುದೂ ಇದೇ ಆಸಿಲೇಟರ್.

ಎಷ್ಟು ದೂರ ಇಡಬೇಕು ಅನ್ನುವುದೇ ಆಟ. ತೀರಾ ಹತ್ತಿರ ತಂದರೆ ಸಿಗ್ನಲ್ ಮಂಕಾಯಿತು. ಒಂದು ಗೇಣು ಹಿಂದೆ ಸರಿಸಿದೆ: ಡಿ-ಡಿ-ಡಿ-ಡಾ, ಡಿ-ಡಿ-ಡಾ. ವಿಯು! ಭಾರತದ ಹ್ಯಾಮ್‌ಗಳ ಕರೆ-ಹೆಸರು ಶುರುವಾಗುವುದು ಹೀಗೆ, ನಮ್ಮ ದೇಶದ್ದೇ ಯಾರೋ. ಹೆಡ್‌ಫೋನನ್ನು ಅಪ್ಪಯ್ಯನ ಕಿವಿಗಿಟ್ಟೆ. "ಎಂತ ಇದು, ಜೀರುಂಡೆ ಸಾಕಿದ್ಯಾ?" ಅಂದರು.

ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್, ಹ್ಯಾಮ್‌ಗಳು ದನಿ ಕಳಿಸುವ ರೀತಿ) ಮಾತು ಇನ್ನೂ ಅರ್ಧಂಬರ್ಧ. ಅದರಲ್ಲಿ ಕ್ಯಾರಿಯರ್ ಕಳಿಸುವುದೇ ಇಲ್ಲ, ನಾವೇ ಸರಿಯಾದ ಜಾಗದಲ್ಲಿ ಕೂರಿಸಬೇಕು. ಆಸಿಲೇಟರಿನ ಕ್ರಿಸ್ಟಲ್ ತನ್ನ ಫ್ರೀಕ್ವೆನ್ಸಿಯಿಂದ ಹೆಚ್ಚು ಜಗ್ಗುವುದಿಲ್ಲ, ಹಾಗಾಗಿ ಅದರ ಬದಲು 7.2 ಮೆಗಾಹರ್ಟ್ಸ್‌ನ ಸೆರಾಮಿಕ್ ರೆಸೊನೇಟರ್ ಹಾಕಿ ಗ್ಯಾಂಗಿನಿಂದ ಕೆಳಗೆಳೆದೆ. ಕೂದಲೆಳೆ ತಪ್ಪಿದರೂ ಬಾತುಕೋಳಿ ದನಿ. ಕೈ ಹತ್ತಿರ ಹೋದರೂ ಜಾರುತ್ತದೆ. ಗ್ಯಾಂಗಿನ ಕಡ್ಡಿಗೆ ಪೆನ್ನಿನ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ದೂರದಿಂದ ತಿರುಗಿಸಿದೆ, ಎರಡು ವಾಕ್ಯ ಸ್ಪಷ್ಟವಾಗಿ ಕೇಳಿತು. ಯಾರೋ ತಮ್ಮೂರಿನ ಮಳೆ ಹೇಳುತ್ತಿದ್ದರು. ಸಂಜೆಯಾದರೆ 7.2ರಿಂದ ಮೇಲಿನ ದೊಡ್ಡ ಸ್ಟೇಷನ್‌ಗಳು ಎಲ್ಲವನ್ನೂ ಮುಚ್ಚಿಬಿಡುತ್ತವೆ. ಒಂದೇ ಕಾಯಿಲಿನಿಂದ ಅವನ್ನು ತಡೆಯಲು ಆಗದು, ಮುಂದಿನ ವಾರ ಎರಡನೆಯದು ಸುತ್ತಬೇಕು.

ಅಷ್ಟರಲ್ಲಿ ಆಗುಂಬೆ ಕಡೆ ಗುಡುಗಿತು. ಆಂಟೆನಾ ಕಿತ್ತು ಅರ್ಥ್‌ಗೆ ಸಿಕ್ಕಿಸಿ ಒಳಗೆ ಬಂದೆ.